ಡಿ ಸ್ಟ್ರೀಟಿನ ಎರಡು ಕೋಣೆಯ ಮನೆ

1867ರ ಜನವರಿ 20, ಭಾನುವಾರ. ಅಮೆರಿಕದ ನೆವಾಡಾ ರಾಜ್ಯದ ವರ್ಜಿನಿಯಾ ಸಿಟಿಯಲ್ಲಿ ಕೊರೆಯುವ ಚಳಿ. ಡಿ ಸ್ಟ್ರೀಟಿನ ಪುಟ್ಟ ಮನೆಯೊಂದಕ್ಕೆ ಎಂದಿನಂತೆ ಒಲೆ ಹಚ್ಚಲು ಬಂದ ಚೀನೀ ಆಳು, ಮನೆಯಾಕೆ ಇನ್ನೂ ಹಾಸಿಗೆಯಲ್ಲೇ ಇರುವುದನ್ನು ಕಂಡ. ನಿದ್ದೆ ಕೆಡಿಸುವುದೇಕೆಂದು ಸದ್ದಿಲ್ಲದೆ ಬೆಂಕಿ ಹೊತ್ತಿಸಿ ಹೊರಟುಹೋದ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಗೆಳತಿ ಗರ್ಟ್ರೂಡ್ ಹೋಮ್ಸ್ ತಿಂಡಿಗೆ ಕರೆಯಲು ಬಂದಳು. ಕೂಗಿದಳು, ಉತ್ತರವಿಲ್ಲ. ಹತ್ತಿರ ಹೋಗಿ ನೋಡಿದರೆ ಜೂಲಿಯಾ ಬ್ಯುಲೆಟ್ ಸತ್ತು ಎಷ್ಟೋ ಹೊತ್ತಾಗಿತ್ತು. ಯಾರೋ ಕತ್ತು ಹಿಸುಕಿ ಕೊಂದು, ಅವಳ ಒಡವೆ ವಸ್ತ್ರಗಳನ್ನು ದೋಚಿಕೊಂಡು ಹೋಗಿದ್ದರು.

ಜೂಲಿಯಾ ಮೈಮಾರಿ ಬದುಕುತ್ತಿದ್ದ ಹೆಂಗಸು. ಇಂಗ್ಲೆಂಡಿನಿಂದ ಬಂದವಳು, ಕ್ಯಾಲಿಫೋರ್ನಿಯಾದಲ್ಲಿ ಹಲವು ವರ್ಷ ಕಳೆದು 1863ರ ಸುಮಾರಿಗೆ ಈ ಊರು ಸೇರಿದ್ದಳು. 1859ರಲ್ಲಿ ಇಲ್ಲಿನ ಗುಡ್ಡದಡಿ ಬೆಳ್ಳಿಯ ದೊಡ್ಡ ನಿಕ್ಷೇಪ ಸಿಕ್ಕಿತ್ತು. ಕಾಮ್‌ಸ್ಟಾಕ್ ಲೋಡ್ ಎಂದು ಅದಕ್ಕೆ ಹೆಸರು. ಬೋಳು ಗುಡ್ಡದ ಇಳಿಜಾರಿನಲ್ಲಿ ಕೆಲವೇ ವರ್ಷಗಳಲ್ಲಿ ಸಾವಿರಾರು ಜನರ ಊರು ಎದ್ದುನಿಂತಿತು. ಸಿ ಸ್ಟ್ರೀಟ್ ಅಂಗಡಿ, ಬ್ಯಾಂಕು, ಸಲೂನುಗಳ ಬೀದಿ. ಅದರಿಂದ ಒಂದು ಮೆಟ್ಟಿಲು ಕೆಳಗಿಳಿದರೆ ಡಿ ಸ್ಟ್ರೀಟ್, ಊರಿನ ಸೂಳೆಗೇರಿ. ಗಣಿ ಕೆಲಸಗಾರನಿಗೆ ಆಗ ದಿನಕ್ಕೆ 4 ಡಾಲರ್ ಕೂಲಿ. ಆ ಕಾಲಕ್ಕೆ ಅದು ದೊಡ್ಡ ಸಂಬಳ. ಅದರಲ್ಲಿ ಒಂದು ಪಾಲು ಮೆಟ್ಟಿಲಿಳಿದು ಕೆಳಗಿನ ಬೀದಿಗೆ ಬರುತ್ತಿತ್ತು.

ಮರದ ಮನೆಗಳ ಊರಿಗೆ ಬೆಂಕಿಯೇ ದೊಡ್ಡ ಭಯ. ಬೆಂಕಿ ಆರಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಜೂಲಿಯಾ ಅವರಿಗೆ ಕೈಲಾದ ನೆರವು ಕೊಡುತ್ತಿದ್ದಳು, ಅವರು ಅವಳನ್ನು ತಮ್ಮ ದಳದ ಗೌರವ ಸದಸ್ಯೆಯಾಗಿ ಮಾಡಿಕೊಂಡಿದ್ದರು. ಹೆಣ ಸಿಕ್ಕ ಮರುದಿನ ಆ ದಳದವರು ಹಿಮ ತುಳಿಯುತ್ತಾ, ಬ್ಯಾಂಡಿನೊಂದಿಗೆ ಅವಳ ಶವದ ಹಿಂದೆ ನಡೆದರು. ಮಣ್ಣು ಮಾಡಿದ್ದು ಊರಾಚೆಯ ಫ್ಲವರಿ ಹಿಲ್ ಸ್ಮಶಾನದಲ್ಲಿ.

ಕೆಲವು ತಿಂಗಳ ಮೇಲೆ ಜಾನ್ ಮಿಲೇನ್ ಎಂಬ ಫ್ರೆಂಚ್ ಮನುಷ್ಯ ಸಿಕ್ಕಿಬಿದ್ದ. ಅವನ ಪೆಟ್ಟಿಗೆಯಲ್ಲಿ ಜೂಲಿಯಾಳ ಸಾಮಾನುಗಳಿದ್ದವು. 1868ರ ಏಪ್ರಿಲ್ 24ರಂದು ಸಾವಿರಾರು ಜನರೆದುರು ಅವನನ್ನು ಗಲ್ಲಿಗೇರಿಸಿದರು. ಉಪನ್ಯಾಸಕ್ಕೆಂದು ಊರಿಗೆ ಬಂದಿದ್ದ ಮಾರ್ಕ್ ಟ್ವೈನ್ ಆ ಗುಂಪಿನಲ್ಲಿ ನಿಂತು ನೋಡಿ ಪತ್ರಿಕೆಗೆ ಬರೆದ. ಮಿಲೇನ್ ಸೆರೆಯಲ್ಲಿದ್ದಾಗ ಊರಿನ ಮರ್ಯಾದಸ್ಥ ಮನೆಗಳ ಹೆಂಗಸರು ಅವನನ್ನು ಕಾಣಲು ಹೋಗಿ ತಿಂಡಿ, ವೈನ್ ಕೊಟ್ಟು ಬರುತ್ತಿದ್ದರು. ಕೊಂದವನಿಗೆ ಸಿಕ್ಕ ಈ ಕರುಣೆ ಸತ್ತವಳಿಗೆ ಅದೇ ಮನೆಗಳಿಂದ ಸಿಕ್ಕಿರಲಿಲ್ಲ. ಈ ಸಂಗತಿಯನ್ನು ಓದಿದಾಗಲೆಲ್ಲ ನನ್ನ ಮನಸ್ಸು ಕಹಿಯಾಗುತ್ತದೆ.

ಆದರೆ ಅವಳಿಗೆ ಇನ್ನೊಂದು ಅನ್ಯಾಯ ಆದದ್ದು ಸತ್ತ ಮೇಲೆ. ಇಪ್ಪತ್ತನೇ ಶತಮಾನದಲ್ಲಿ ಗಣಿ ಬತ್ತಿ, ಊರು ಪ್ರವಾಸಿಗರನ್ನು ನಂಬಿ ಬದುಕಬೇಕಾಗಿ ಬಂದಾಗ, ಜೂಲಿಯಾ ಇದ್ದಕ್ಕಿದ್ದಂತೆ ರಾಣಿಯಾದಳು. ಅವಳಿಗೊಂದು ಅರಮನೆ ಬಂತು, ಸಾರೋಟು ಬಂತು, ಅಪ್ರತಿಮ ಸೌಂದರ್ಯ ಬಂತು. ರೈಲಿನ ಬೋಗಿಯೊಂದಕ್ಕೆ ಅವಳ ಹೆಸರಿಟ್ಟರು. 1959ರಲ್ಲಿ ‘ಬೊನಾಂಜಾ’ ಟಿವಿ ಧಾರಾವಾಹಿ ಅವಳ ಕಥೆಯನ್ನು ಮನೆಮನೆಗೆ ತಲುಪಿಸಿತು. ದಾಖಲೆಗಳು ಹೇಳುವುದು ಬೇರೆ. ಅರಮನೆ ಇರಲೇ ಇಲ್ಲ. ಇದ್ದದ್ದು ಎರಡು ಕೋಣೆಯ ಬಾಡಿಗೆ ಮನೆ. ಸತ್ತಾಗ ಅವಳ ವಯಸ್ಸು ಮೂವತ್ತೈದರ ಆಸುಪಾಸು. ಉಳಿದ ಬಟ್ಟೆಬರೆ, ಒಡವೆಗಳನ್ನು ಮಾರಿ ಬಂದ ಹಣಕ್ಕೆ ಸಾಲ ಕೊಟ್ಟವರು ಸರದಿ ನಿಂತರು.

ಅಮೆರಿಕದ ಪಶ್ಚಿಮ ಗಡಿನಾಡಿನ ಸಾವಿರಾರು ಹೆಂಗಸರ ಕಥೆ ಹೀಗೆಯೇ ಎರಡು ಪದರದಲ್ಲಿದೆ. ಮೇಲೆ ನಾವು ಕೌಬಾಯ್ ಸಿನಿಮಾಗಳಲ್ಲಿ ಕಂಡ ಕೆಂಪು ಗೌನಿನ, ನಗುಮುಖದ, ಹೃದಯವಂತ ಸಲೂನ್ ಹುಡುಗಿ. ಕೆಳಗೆ ಕೋರ್ಟಿನ ಕಡತ, ದಂಡದ ರಸೀದಿ, ಜನಗಣತಿಯ ಒಂದು ಸಾಲು. ಇವರಲ್ಲಿ ತಮ್ಮ ಕೈಯಾರೆ ಬರೆದಿಟ್ಟವರು ತೀರ ಕಡಿಮೆ. ಹಾಗಾಗಿ ಅವರ ಬದುಕನ್ನು ಅವರನ್ನು ಹಿಡಿದವರ, ದಂಡ ಹಾಕಿದವರ, ಹೂಳಿದವರ ಕಾಗದಗಳಿಂದಲೇ ಹೆಕ್ಕಿ ತೆಗೆಯಬೇಕು.

ಇದೆಲ್ಲ ಶುರುವಾದದ್ದು 1848ರ ಜನವರಿಯಲ್ಲಿ, ಕ್ಯಾಲಿಫೋರ್ನಿಯಾದ ಕೊಲೋಮಾ ಎಂಬಲ್ಲಿ ನೀರಿನಲ್ಲಿ ಚಿನ್ನದ ಚೂರುಗಳು ಹೊಳೆದಾಗ. ಮರುವರ್ಷ ಜಗತ್ತಿನ ಮೂಲೆಮೂಲೆಯಿಂದ ಗಂಡಸರು ನುಗ್ಗಿದರು. 1850ರ ಜನಗಣತಿಯ ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ ನೂರಕ್ಕೆ ಹತ್ತು ಹೆಂಗಸರೂ ಇರಲಿಲ್ಲ. ಗಣಿ ಹಟ್ಟಿಗಳಲ್ಲಂತೂ ಇನ್ನೂ ಕಡಿಮೆ. ಮೊದಮೊದಲು ಸ್ಯಾನ್ ಫ್ರಾನ್ಸಿಸ್ಕೋಗೆ ಹಡಗಿನಲ್ಲಿ ಬಂದ ಹೆಂಗಸರಲ್ಲಿ ಚಿಲಿ, ಪೆರು, ಮೆಕ್ಸಿಕೋ ದೇಶಗಳವರು ಹೆಚ್ಚು. ಎಷ್ಟೋ ಜನರ ಕೈಯಲ್ಲಿ ಹಡಗಿನ ಚಾರ್ಜಿಗೂ ಹಣವಿರಲಿಲ್ಲ. ಬಂದರಿನಲ್ಲಿ ಅವರ ಸಾಲ ತೀರಿಸಿದವನಿಗೆ ಅವರು ದುಡಿಯಬೇಕು. ನಮಗೆ ಗೊತ್ತಿರುವ ಮಾತಿನಲ್ಲಿ ಹೇಳುವುದಾದರೆ ಅದು ಜೀತ. ಅದೇ ನೆಲದ ಮೂಲನಿವಾಸಿ ಹೆಂಗಸರ ಪಾಡು ಇನ್ನೂ ಹೀನ. ಮೂಲನಿವಾಸಿಗಳ ರಕ್ಷಣೆ ಎಂಬ ಹೆಸರಿಟ್ಟು ಕ್ಯಾಲಿಫೋರ್ನಿಯಾ 1850ರಲ್ಲಿ ಮಾಡಿದ ಕಾನೂನು, ಅವರ ಮಕ್ಕಳನ್ನು ಬಿಳಿಯರ ಮನೆಗಳಲ್ಲಿ ದುಡಿಮೆಗೆ ಕಟ್ಟಿಹಾಕಲು ದಾರಿ ಮಾಡಿಕೊಟ್ಟಿತು. ಆ ಹೆಣ್ಣುಮಕ್ಕಳ ಹೆಸರು ಯಾವ ದಂತಕಥೆಯಲ್ಲೂ ಇಲ್ಲ.

ಆಮೇಲೆ ಪೂರ್ವದ ರಾಜ್ಯಗಳಿಂದ, ಐರ್ಲೆಂಡಿನಿಂದ, ಜರ್ಮನಿಯಿಂದ, ಫ್ರಾನ್ಸಿನಿಂದ ಬಂದರು. ಯಾಕೆ ಬಂದರು ಎಂದು ಕೇಳಿದರೆ ಉತ್ತರಕ್ಕೆ ಹೆಚ್ಚು ಹುಡುಕಬೇಕಿಲ್ಲ. ಆ ಕಾಲದಲ್ಲಿ ಒಂಟಿ ಹೆಂಗಸಿಗೆ ಸಿಗುತ್ತಿದ್ದ ಕೆಲಸ ಮೂರೇ ಬಗೆ: ಬಟ್ಟೆ ಒಗೆಯುವುದು, ಹೊಲಿಯುವುದು, ಯಾರದೋ ಮನೆಯ ಚಾಕರಿ. ವಾರವಿಡೀ ದುಡಿದರೂ ಬರುತ್ತಿದ್ದದ್ದು ಕೆಲವೇ ಡಾಲರ್. ಗಂಡ ಸತ್ತವಳು, ಗಂಡ ಬಿಟ್ಟವಳು, ಬಸಿರಾಗಿ ಮನೆಯಿಂದ ಹೊರಬಿದ್ದವಳು ಎಲ್ಲರಿಗೂ ಕೊನೆಗೆ ಕಾಣುತ್ತಿದ್ದದ್ದು ಒಂದೇ ಬಾಗಿಲು. ಮೋಸ ಹೋಗಿ ಬಂದವರೂ ಕಡಿಮೆಯಿಲ್ಲ. ಡಕೋಟಾದ ಡೆಡ್‌ವುಡ್‌ನಲ್ಲಿ 1877ರಲ್ಲಿ ಜೆಮ್ ಥಿಯೇಟರ್ ತೆರೆದ ಅಲ್ ಸ್ವೆರೆಂಜನ್, ಕೆಲಸ ಕೊಡುತ್ತೇನೆಂದು ದೂರದ ಊರುಗಳಿಂದ ಹುಡುಗಿಯರನ್ನು ಕರೆಸಿಕೊಳ್ಳುತ್ತಿದ್ದ. ಬಂದಿಳಿದ ಮೇಲೆ ಅವರಿಗೆ ತಿರುಗಿ ಹೋಗಲು ದುಡ್ಡಿರುತ್ತಿರಲಿಲ್ಲ.

ಈ ದಂಧೆಯೊಳಗೂ ಮೇಲು ಕೀಳು ಇತ್ತು. ಮೇಲಿನದು ಪಾರ್ಲರ್ ಹೌಸ್: ಪಿಯಾನೋ, ವೆಲ್ವೆಟ್ ಪರದೆ, ದುಬಾರಿ ಶಾಂಪೇನ್. ಡೆನ್ವರ್‌ನ ಮಾರ್ಕೆಟ್ ಸ್ಟ್ರೀಟಿನಲ್ಲಿ ಜೆನ್ನಿ ರಾಜರ್ಸ್ ನಡೆಸಿದ ‘ಹೌಸ್ ಆಫ್ ಮಿರರ್ಸ್’, ಕ್ರಿಪಲ್ ಕ್ರೀಕ್‌ನಲ್ಲಿ ಪರ್ಲ್ ಡೆವೀರ್ 1896ರಲ್ಲಿ ಕಟ್ಟಿಸಿದ ‘ಓಲ್ಡ್ ಹೋಮ್‌ಸ್ಟೆಡ್’ ಇಂಥವು. ಅಲ್ಲಿನ ಹುಡುಗಿಯರು ಅಂದವಾಗಿ ಉಡುತ್ತಿದ್ದರು. ಉಡುಪಿನ, ಊಟದ, ಕೋಣೆಯ ಖರ್ಚನ್ನು ಮನೆಯೊಡತಿ ಅವರ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದಳು. ಎಷ್ಟು ದುಡಿದರೂ ಸಾಲದ ಪುಸ್ತಕ ಮುಚ್ಚುತ್ತಿರಲಿಲ್ಲ.

ಕಟ್ಟಕಡೆಯದು ಕ್ರಿಬ್. ಒಂದು ಬಾಗಿಲು, ಒಂದು ಕಿಟಕಿ, ಒಂದು ಕಬ್ಬಿಣದ ಮಂಚ, ಮುಖ ತೊಳೆಯಲು ಒಂದು ಬೋಗುಣಿ, ಚಳಿಗೆ ಒಂದು ಸಣ್ಣ ಒಲೆ. ಮಂಚದ ಕಾಲುದೆಸೆಗೆ ಮೇಣಗಪ್ಪಟವೊಂದನ್ನು ಹಾಸಿರುತ್ತಿದ್ದರು, ಬಂದವರು ಬೂಟು ಕಳಚದಿದ್ದರೆ ಹೊದಿಕೆ ಕೆಸರಾಗದಿರಲೆಂದು. ಆ ಮೇಣಗಪ್ಪಟದ ತುಂಡು ನನ್ನ ಕಣ್ಣಿಗೆ ಕಟ್ಟಿದಂತೆ ವೆಲ್ವೆಟ್ ಪರದೆಗಳು ಕಟ್ಟುವುದಿಲ್ಲ. ಇಂಥ ಕೋಣೆಗಳ ಸಾಲೇ ಓಣಿಗಳ ಉದ್ದಕ್ಕೂ ಇರುತ್ತಿತ್ತು. ಇಪ್ಪತ್ತರ ಹರೆಯದಲ್ಲಿ ಪಾರ್ಲರ್ ಹೌಸಿನಲ್ಲಿದ್ದವಳು ಕಾಯಿಲೆ, ಕುಡಿತ, ವಯಸ್ಸು ಹತ್ತಿದಂತೆ ಇಲ್ಲಿಗೆ ಇಳಿಯುತ್ತಿದ್ದಳು. ಎಲ್ಲರೂ ಹೀಗೆ ಇಳಿದರೆಂದಲ್ಲ. ಗಣಿಗಾರನನ್ನೋ ರೈತನನ್ನೋ ಮದುವೆಯಾಗಿ ದಂಧೆ ಬಿಟ್ಟು, ಹೆಸರು ಬದಲಿಸಿ ಸಂಸಾರ ಮಾಡಿಕೊಂಡವರೂ ಉಂಟು.

ಊರಿಗೂ ಇವರಿಗೂ ಇದ್ದ ಸಂಬಂಧ ಹಣದ್ದು. ಕಾನೂನಿನ ಪುಸ್ತಕದಲ್ಲಿ ವೇಶ್ಯಾವೃತ್ತಿ ಅಪರಾಧ. ತಿಂಗಳಿಗೊಮ್ಮೆ ಪೊಲೀಸರು ಬಂದು ದಂಡ ವಸೂಲು ಮಾಡುತ್ತಿದ್ದರು. ಕಟ್ಟಿದವಳು ಮತ್ತೆ ಬಾಗಿಲು ತೆರೆಯಬಹುದಿತ್ತು. ಶಿಕ್ಷೆ ಎಂದು ಹೆಸರಿದ್ದರೂ ಅದು ತೆರಿಗೆಯೇ. ಕಾನ್ಸಾಸ್‌ನ ವಿಚಿಟಾ, ಡಾಡ್ಜ್ ಸಿಟಿಯಂಥ ದನದ ಸಂತೆಯ ಊರುಗಳು ಈ ದಂಡದಿಂದಲೇ ಪೊಲೀಸರ ಸಂಬಳ ಸರಿದೂಗಿಸುತ್ತಿದ್ದವು. ಭಾನುವಾರ ಚರ್ಚಿನಲ್ಲಿ ಇವರನ್ನು ಶಪಿಸಿದ ವರ್ತಕರು ಸೋಮವಾರ ಇವರಿಗೇ ಬಟ್ಟೆ, ಮದ್ಯ, ಪೀಠೋಪಕರಣ ಮಾರುತ್ತಿದ್ದರು. ಪತ್ರಿಕೆಗಳು ಇವರನ್ನು ‘ಕೊಳೆಯಾದ ಪಾರಿವಾಳಗಳು’ ಎಂದು ಬರೆದವು. ಜನಗಣತಿಯವರು ಎಷ್ಟೋ ಸಲ ದರ್ಜಿ, ನಟಿ, ಟೋಪಿ ಹೊಲಿಯುವವಳು ಎಂದು ಬರೆದು ಮುಂದೆ ಹೋದರು.

ಈ ವ್ಯವಸ್ಥೆಯನ್ನು ತನ್ನ ಕೈಗೆ ಬಗ್ಗಿಸಿಕೊಂಡವಳು ಮೊಂಟಾನಾದ ಹೆಲೆನಾ ಊರಿನ ಜೋಸೆಫೀನ್ ಏರಿ. ಐರ್ಲೆಂಡಿನಲ್ಲಿ ಹುಟ್ಟಿ, ಶಿಕಾಗೋ ಹಾದು 1867ರಲ್ಲಿ ಹೆಲೆನಾಕ್ಕೆ ಬಂದ ಇವಳಿಗೆ ಊರವರು ‘ಶಿಕಾಗೋ ಜೋ’ ಎನ್ನುತ್ತಿದ್ದರು. ಸಾಲ ತಂದು ಜಾಗ ಕೊಂಡಳು, ಜಾಗ ಅಡವಿಟ್ಟು ಮತ್ತೊಂದು ಜಾಗ ಕೊಂಡಳು. ಚರಿತ್ರಕಾರ್ತಿ ಪೌಲಾ ಪೆಟ್ರಿಕ್ ಹೆಲೆನಾದ ಆಸ್ತಿ ನೋಂದಣಿ ಕಡತಗಳನ್ನು ಸೋಸಿ ತೋರಿಸಿದಂತೆ, ಮೊದಲ ಎರಡು ದಶಕಗಳಲ್ಲಿ ಇಂಥ ಹಲವು ಹೆಂಗಸರು ಸ್ವಂತ ಮನೆ, ನಿವೇಶನ ಹೊಂದಿದ್ದರು. ಒಬ್ಬರಿಗೊಬ್ಬರು ಸಾಲ ಕೊಡುತ್ತಿದ್ದರು. 1880ರ ದಶಕದಲ್ಲಿ ಮೊಂಟಾನಾ ‘ಹರ್ಡಿ ಗರ್ಡಿ’ ಕುಣಿತದ ಮನೆಗಳನ್ನು ನಿಷೇಧಿಸಿ ಜೋಳನ್ನು ಕೋರ್ಟಿಗೆ ಎಳೆಯಿತು. ಹರ್ಡಿ ಗರ್ಡಿ ಎಂಬುದು ಒಂದು ವಾದ್ಯ, ನನ್ನ ಕಕ್ಷಿದಾರಳ ಮನೆಯಲ್ಲಿ ನುಡಿಯುವುದು ಪಿಯಾನೋ, ಪಿಟೀಲು ಎಂದು ಅವಳ ವಕೀಲ ವಾದಿಸಿದ. ಜ್ಯೂರಿಯವರು ಬಿಟ್ಟುಬಿಟ್ಟರು. ಆದರೆ 1893ರ ಆರ್ಥಿಕ ಕುಸಿತ ಬಿಡಲಿಲ್ಲ. ಆಸ್ತಿಯೆಲ್ಲ ಕರಗಿ 1899ರಲ್ಲಿ ಅವಳು ತೀರಿಕೊಂಡಳು. ರೈಲು ಬಂದು, ಸಂಸಾರಗಳು ಬಂದು, ಊರು ‘ಸಭ್ಯ’ವಾದಂತೆ ಹೆಲೆನಾದಲ್ಲಿ ಈ ಹೆಂಗಸರ ಕೈಯಿಂದ ಆಸ್ತಿ ಜಾರಿ ಗಂಡಸರ, ತಲೆಹಿಡುಕರ ಕೈಸೇರಿತು. ಗಡಿನಾಡು ಪಳಗಿದಷ್ಟೂ ಅವರ ಪಾಡು ಕೆಟ್ಟಿತು ಎನ್ನುವುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ.

ಇನ್ನು ಚೀನಾದ ಹೆಣ್ಣುಮಕ್ಕಳ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಮೊದಲು ಬಂದವರಲ್ಲಿ ಆ ಟಾಯ್ ಎಂಬಾಕೆ ಸ್ವತಂತ್ರಳು. ಚಿನ್ನದ ಹುಚ್ಚಿನ ಮೊದಲ ದಿನಗಳಲ್ಲೇ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಳು, ತನ್ನದೇ ಮನೆ ನಡೆಸಿದಳು. ಚಿನ್ನದ ಪುಡಿಯ ಬದಲು ಹಿತ್ತಾಳೆ ಪುಡಿ ಕೊಟ್ಟು ಮೋಸ ಮಾಡಿದ ಗಿರಾಕಿಗಳನ್ನು ಕೋರ್ಟಿಗೆಳೆದಳು. ಭಾಷೆ ಬಾರದ ಊರಿನಲ್ಲಿ ನ್ಯಾಯಾಧೀಶನೆದುರು ನಿಂತು ನನ್ನ ದುಡ್ಡು ಕೊಡಿಸಿ ಎಂದು ಕೇಳಿದ ಆ ಎದೆಗಾರಿಕೆಗೆ ತಲೆಬಾಗಬೇಕು. ಆದರೆ 1854ರಲ್ಲಿ ಆ ಬಾಗಿಲೂ ಮುಚ್ಚಿತು. ಜಾರ್ಜ್ ಹಾಲ್ ಎಂಬ ಬಿಳಿಯ ಲಿಂಗ್ ಸಿಂಗ್ ಎಂಬ ಚೀನೀ ಗಣಿಗಾರನನ್ನು ಕೊಂದಿದ್ದ. ಚೀನೀಯರ ಸಾಕ್ಷ್ಯದ ಮೇಲೆ ಅವನಿಗೆ ಶಿಕ್ಷೆಯಾಗಿತ್ತು. ಬಿಳಿಯನ ವಿರುದ್ಧ ಚೀನೀಯರು ಸಾಕ್ಷಿ ಹೇಳುವಂತಿಲ್ಲ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಆ ಶಿಕ್ಷೆ ರದ್ದು ಮಾಡಿತು. ಅಲ್ಲಿಂದ ಮುಂದೆ ಚೀನೀ ಹೆಂಗಸಿಗೆ ಯಾವ ಬಿಳಿಯ ಏನು ಮಾಡಿದರೂ ಕೋರ್ಟಿನಲ್ಲಿ ಅವಳ ಮಾತಿಗೆ ಬೆಲೆಯಿಲ್ಲ. ಆ ಟಾಯ್ ಬಹುಕಾಲ ಬದುಕಿ, 1928ರಲ್ಲಿ, ನೂರಕ್ಕೆ ಹತ್ತಿರವಾಗಿದ್ದಾಗ ತೀರಿಕೊಂಡಳು.

ಅವಳ ನಂತರ ಬಂದವರಲ್ಲಿ ಹೆಚ್ಚಿನವರು ಮಾರಾಟವಾದವರು. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಡೆಯ ಬಡ ಸಂಸಾರಗಳು ಬರಗಾಲದಲ್ಲಿ, ದಂಗೆಯಲ್ಲಿ ಹೆಣ್ಣುಮಕ್ಕಳನ್ನು ಕೊಟ್ಟುಬಿಡುತ್ತಿದ್ದವು. ಅಮೆರಿಕದಲ್ಲಿ ಗಂಡ ಕಾಯುತ್ತಿದ್ದಾನೆ, ಮನೆಗೆಲಸ ಸಿಗುತ್ತದೆ ಎಂದು ನಂಬಿ ಹಡಗು ಹತ್ತಿದವರೂ ಇದ್ದರು. ಅಲ್ಲಿ ಅವರ ಕೈಯಲ್ಲಿ ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಇಂಥ ಕೆಲವು ಪತ್ರಗಳು ಉಳಿದಿವೆ. ಹಡಗಿನ ಖರ್ಚು, ಮುಂಗಡದ ಹಣಕ್ಕೆ ಬದಲಾಗಿ ನಾಲ್ಕೈದು ವರ್ಷ ಮೈಮಾರಿ ದುಡಿಯಬೇಕು, ಸಂಬಳವಿಲ್ಲ. ಕೆಲವು ದಿನಕ್ಕಿಂತ ಹೆಚ್ಚು ಕಾಯಿಲೆ ಮಲಗಿದರೆ ಒಂದು ತಿಂಗಳು ಹೆಚ್ಚುವರಿ. ಬಸಿರಾದರೆ ಒಂದು ವರ್ಷ ಹೆಚ್ಚುವರಿ. ಓದಲು ಬಾರದ ಹುಡುಗಿ, ತನ್ನ ಮುಟ್ಟು, ಬಸಿರು, ಜ್ವರವನ್ನೆಲ್ಲ ಸಾಲದ ಲೆಕ್ಕಕ್ಕೆ ಜಮಾ ಮಾಡಿದ ಕಾಗದದ ಮೇಲೆ ತನ್ನ ಬೆರಳನ್ನೇ ಮಸಿಗೆ ಅದ್ದಿ ಒತ್ತುತ್ತಾಳೆ. ಇದಕ್ಕಿಂತ ಕ್ರೂರ ದಸ್ತಾವೇಜನ್ನು ನಾನು ಕಂಡಿಲ್ಲ.

ಅಮೆರಿಕದ ಸರಕಾರ 1875ರಲ್ಲಿ ಪೇಜ್ ಕಾಯ್ದೆ ತಂದಿತು. ಅನೈತಿಕ ಉದ್ದೇಶಕ್ಕೆ ಪೂರ್ವದೇಶದ ಹೆಂಗಸರನ್ನು ತರುವುದಕ್ಕೆ ತಡೆ ಎಂಬುದು ಅದರ ಮಾತು. ನಡೆದದ್ದೇನೆಂದರೆ, ಮರ್ಯಾದೆಯಿಂದ ಗಂಡನ ಬಳಿಗೆ ಹೊರಟ ಹೆಂಗಸರಿಗೂ ಹಾಂಕಾಂಗ್‌ನಲ್ಲೇ ಅವಮಾನದ ವಿಚಾರಣೆ. ಚೀನೀ ಸಂಸಾರಗಳು ಬರುವುದೇ ನಿಂತುಹೋಯಿತು, ಒಂಟಿ ಗಂಡಸರು ಒಂಟಿಯಾಗಿಯೇ ಉಳಿದರು. ಕಳ್ಳದಾರಿಯಲ್ಲಿ ತಂದ ಹುಡುಗಿಯರ ಬೆಲೆ ಇನ್ನೂ ಏರಿತು.

ಇಂಥ ಹುಡುಗಿಯರಿಗೆ ತೆರೆದಿದ್ದ ಒಂದು ಬಾಗಿಲು ಸ್ಯಾನ್ ಫ್ರಾನ್ಸಿಸ್ಕೋದ ಸ್ಯಾಕ್ರಮೆಂಟೋ ಸ್ಟ್ರೀಟಿನ 920ನೇ ನಂಬರಿನ ಮನೆ. ಪ್ರೆಸ್ಬಿಟೇರಿಯನ್ ಮಿಶನ್ ನಡೆಸುತ್ತಿದ್ದ ಈ ಆಶ್ರಯಧಾಮಕ್ಕೆ 1895ರಲ್ಲಿ ಡೊನಾಲ್ಡಿನಾ ಕ್ಯಾಮರೂನ್ ಎಂಬ ತರುಣಿ ಬಂದಳು, ಕೆಲವೇ ವರ್ಷದಲ್ಲಿ ಅದರ ಮೇಲ್ವಿಚಾರಕಿಯಾದಳು. ಗುಟ್ಟಾಗಿ ಚೀಟಿ ಬಂದರೆ ಪೊಲೀಸರೊಡನೆ ಹೋಗಿ ಬಾಗಿಲು ಒಡೆಸಿ, ಗೋಡೆಯ ಹಿಂದೆ, ನೆಲದಡಿ ಅಡಗಿಸಿಟ್ಟ ಹುಡುಗಿಯರನ್ನು ಹೊರತರುತ್ತಿದ್ದಳು. ಹುಡುಗಿಯರು ಅವಳನ್ನು ‘ಲೋ ಮೋ’ ಎಂದು ಕರೆದರು, ಅಮ್ಮ ಎಂಬರ್ಥದಲ್ಲಿ. 1906ರ ಭೂಕಂಪದ ನಂತರ ಬೆಂಕಿ ಹಬ್ಬುತ್ತಿದ್ದಾಗ ಅವಳು ತಿರುಗಿ ಆ ಮನೆಯೊಳಗೆ ಹೋಗಿ ತಂದದ್ದು ಹುಡುಗಿಯರ ಪಾಲಕತ್ವದ ಕಾಗದಗಳನ್ನು. ಅವು ಸುಟ್ಟಿದ್ದರೆ ಮಾಲೀಕರು ಕೋರ್ಟಿಗೆ ಹೋಗಿ ಹುಡುಗಿಯರನ್ನು ಮತ್ತೆ ಕೇಳಬಹುದಿತ್ತು. ಆ ಮನೆಯ ಕಟ್ಟುಪಾಡು ಬಿಗಿ, ಪ್ರಾರ್ಥನೆ ಕಡ್ಡಾಯ; ಅಲ್ಲಿಂದಲೂ ಓಡಿಹೋದವರಿದ್ದರು. ಅಲ್ಲಿಯೇ ಬೆಳೆದ ಟೈ ಲಿಯಾಂಗ್ ಒತ್ತಾಯದ ಮದುವೆಯಿಂದ ತಪ್ಪಿಸಿಕೊಂಡು ಬಂದಿದ್ದವಳು. ಮುಂದೆ ದುಭಾಷಿಯಾಗಿ, 1912ರಲ್ಲಿ ಮತ ಹಾಕಿ, ಅಮೆರಿಕದಲ್ಲಿ ಮತ ಹಾಕಿದ ಮೊದಲ ಚೀನೀ ಹೆಂಗಸರಲ್ಲಿ ಒಬ್ಬಳಾದಳು.

ಯಾವ ದೇಶದವರಾದರೂ ಈ ಹೆಂಗಸರ ಬದುಕು ಎಲ್ಲೆಡೆ ಗಿಡ್ಡ. ಸಿಫಿಲಿಸ್‌ಗೆ ಕೊಡುತ್ತಿದ್ದದ್ದು ಪಾದರಸ. ಅದು ರೋಗದ ಜತೆ ರೋಗಿಯನ್ನೂ ತಿನ್ನುತ್ತಿತ್ತು. 1910ರಲ್ಲಿ ಸಾಲ್ವರ್ಸನ್ ಬರುವವರೆಗೆ ನಂಬಬಹುದಾದ ಮದ್ದಿರಲಿಲ್ಲ. ಅಫೀಮಿನ ಸಾರ ಲಾಡನಮ್ ಮಾತ್ರ ಔಷಧಿ ಅಂಗಡಿಯಲ್ಲಿ ಯಾರಿಗಾದರೂ ಅಗ್ಗವಾಗಿ ಸಿಗುತ್ತಿತ್ತು. ನಿದ್ದೆಗೂ ಅದೇ, ನೋವಿಗೂ ಅದೇ, ಸಾಯಲೂ ಅದೇ. ಪರ್ಲ್ ಡೆವೀರ್ ತನ್ನ ವೈಭವದ ಮನೆ ಕಟ್ಟಿಸಿದ ಮರುವರ್ಷವೇ ಮಾರ್ಫಿನ್ ಅತಿಯಾಗಿ ಸತ್ತಳು. ಅಷ್ಟಾದರೂ ಕಾಯಿಲೆ ಬಂದಾಗ ಊರು ಇವರನ್ನು ಕರೆಯುತ್ತಿತ್ತು. 1918ರ ಇನ್‌ಫ್ಲುಯೆಂಜಾ ಹಾವಳಿಯಲ್ಲಿ ಕೊಲೊರಾಡೋದ ಸಲೈಡಾ ಊರಿನಲ್ಲಿ ಲಾರಾ ಎವನ್ಸ್ ಮನೆಯ ಹೆಂಗಸರು ರೋಗಿಗಳ ಆರೈಕೆಗೆ ನಿಂತರು.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಸುಧಾರಕರು ಒಂದೊಂದೇ ಊರಿನ ಕೆಂಪುದೀಪದ ಓಣಿ ಮುಚ್ಚಿಸುತ್ತಿದ್ದರು. 1913ರಲ್ಲಿ ಕ್ಯಾಲಿಫೋರ್ನಿಯಾ ಇಂಥ ಕಟ್ಟಡಗಳಿಗೆ ಬೀಗ ಜಡಿಯುವ ಕಾನೂನು ಮಾಡಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಾಲ್ ಸ್ಮಿತ್ ಎಂಬ ಮೆಥಡಿಸ್ಟ್ ಪಾದ್ರಿ ಅದನ್ನು ಜಾರಿ ಮಾಡಿಸಲು ಟೊಂಕಕಟ್ಟಿದ. 1917ರ ಜನವರಿ 25ರಂದು ಸುಮಾರು 300 ಹೆಂಗಸರು ಅವನ ಚರ್ಚಿಗೇ ನಡೆದುಬಂದರು. ಮುಂದೆ ನಿಂತವಳು ರೆಗ್ಗಿ ಗ್ಯಾಂಬಲ್ ಎಂಬ ಮನೆಯೊಡತಿ. ನಮ್ಮನ್ನು ಓಡಿಸಿದರೆ ನಾವು ಎಲ್ಲಿಗೆ ಹೋಗಬೇಕು ಎಂಬುದು ಅವಳ ಪ್ರಶ್ನೆ. ತಾಯಂದಿರು ಎಷ್ಟು ಜನ ಎಂದು ಪಾದ್ರಿ ಕೇಳಿದಾಗ ಬಹುಪಾಲು ಕೈಗಳು ಮೇಲೆದ್ದವು. ವಾರಕ್ಕೆ 10 ಡಾಲರಿನಲ್ಲಿ ಮಾನವಾಗಿ ಬದುಕಬಹುದು ಎಂದ ಅವನ ಮಾತಿಗೆ ಹೆಂಗಸರು ನಕ್ಕರು. ಮನೆಗೆಲಸ ಮಾಡುವಿರಾ ಎಂದರೆ ಮತ್ತೆ ನಕ್ಕರು. ಎಪ್ಪತ್ತು ವರ್ಷಗಳ ಚರಿತ್ರೆಯಲ್ಲಿ ಈ ಹೆಂಗಸರು ಗುಂಪಾಗಿ ಬಂದು, ತಮ್ಮ ಬಾಯಿಂದಲೇ, ಕೂಲಿ ಎಷ್ಟು, ಬಾಡಿಗೆ ಎಷ್ಟು, ಮಗುವಿಗೆ ಹಾಲು ಎಷ್ಟು ಎಂದು ಊರಿಗೆ ಕೇಳಿಸಿ ಮಾತಾಡಿದ ದಿನ ಅದು. ಪಾದ್ರಿಯ ಬಳಿ ಉತ್ತರವಿರಲಿಲ್ಲ.

ಮೂರು ವಾರ ಕಳೆದು ಫೆಬ್ರವರಿ 14ರಂದು ಪೊಲೀಸರು ಆ ಓಣಿಗಳನ್ನು ಸುತ್ತುವರಿದರು. ಸಾವಿರಕ್ಕೂ ಹೆಚ್ಚು ಹೆಂಗಸರನ್ನು, ಕೈಗೆ ಸಿಕ್ಕ ಗಂಟುಮೂಟೆ ಕಟ್ಟಿಕೊಳ್ಳಲು ಕೊಟ್ಟ ಸ್ವಲ್ಪ ಸಮಯದಲ್ಲಿ, ಬೀದಿಗೆ ಹಾಕಿದರು. ದಂಧೆ ಎಲ್ಲೂ ನಿಲ್ಲಲಿಲ್ಲ. ಮೊಂಟಾನಾದ ಬ್ಯೂಟ್ ಊರಿನ ಡ್ಯೂಮಸ್ ಎಂಬ ಮನೆ 1890ರಲ್ಲಿ ತೆರೆದದ್ದು, ಮುಚ್ಚಿದ್ದು 1982ರಲ್ಲಿ.

ಜೂಲಿಯಾಳ ವರ್ಜಿನಿಯಾ ಸಿಟಿ ಸ್ಟೋರಿ ಕೌಂಟಿ ಎಂಬ ಜಿಲ್ಲೆಯ ಕೇಂದ್ರ. ಅವಳು ಸತ್ತ 104 ವರ್ಷಗಳ ಮೇಲೆ, 1971ರಲ್ಲಿ, ಅದೇ ಸ್ಟೋರಿ ಕೌಂಟಿ ಈ ದಂಧೆಗೆ ಲೈಸೆನ್ಸ್ ಕೊಡುವ ಕಟ್ಟಳೆ ಮಾಡಿತು. ಲೈಸೆನ್ಸಿನ ಶುಲ್ಕ ಕೌಂಟಿಯ ಖಜಾನೆಗೆ ಹೋಗುತ್ತದೆ.